ನೂರು ಕಾಳು ಎಣಿಸುತ್ತಿದ್ದ ಅಕ್ಕೋರು

ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರು ಯಾರಿಗೂ ಶಾಭಾಶ್ ಅಂದವರಲ್ಲ. ಉತ್ತರ ಸರಿ ಇದ್ದರೆ ಸುಮ್ಮನಿರುತ್ತಿದ್ದರು, ತಪ್ಪಿದ್ದರೂ ಸುಮ್ಮನಿರುತ್ತಿದ್ದರು. ಯಾರಾದರೂ ತಾವು ಕಣ್ಣಾರೆ ಕಂಡದ್ದನ್ನು ಹೇಳಿದಾಗ ಮಾತ್ರ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಳಕಾಲೂರಿ ಕೂತು, ಬೀಜ ಮೊಳೆಸಲು ನಾವಿಟ್ಟ ಬಾಟಲಿಯನ್ನೋ ಡಬ್ಬಿಯನ್ನೋ ಇನ್ನೊಮ್ಮೆ ನೋಡುತ್ತಿದ್ದರು. ಅಕ್ಕೋರು ನಮ್ಮ ಬಾಟಲಿಯನ್ನು ಎರಡನೇ ಸಲ ನೋಡಿದರು ಅಂದರೆ ಅವತ್ತು ನಾವು ಮನೆಗೆ ಓಡಿಕೊಂಡೇ ಹೋಗುತ್ತಿದ್ದೆವು.

ಅವರು ತೀರಿಕೊಂಡ ಸುದ್ದಿಯನ್ನು ಈ ಬೇಸಿಗೆಯಲ್ಲಿ ನನ್ನ ಶಾಲೆಯ ಗೆಳತಿ ಫೋನ್ ಮಾಡಿ ಹೇಳಿದಳು. ಆಮೇಲೆ ಅವಳು, “ಆ ಇಲಿ ನೆನಪೈತೇನ?” ಅಂದಳು. ಅಂಥ ಹೊತ್ತಿನಲ್ಲೂ ನಮಗೆ ನಗು ಬಂತು.

ಎಂಟನೇ ತರಗತಿಯಲ್ಲಿ ನಾವಿಬ್ಬರೂ ಸೇರಿ ಬೂಟಿನ ಡಬ್ಬಿಯೊಳಗೆ ಅವರೆಯ ಸಸಿ ಇಟ್ಟಿದ್ದೆವು. ಡಬ್ಬಿಯ ಒಂದು ಮೂಲೆಗೆ ಸಣ್ಣ ತೂತು. ಕತ್ತಲೆಯಲ್ಲಿರುವ ಸಸಿ ಆ ತೂತು ಹುಡುಕಿಕೊಂಡು ಹೋಗುತ್ತದೋ ಇಲ್ಲವೋ ನೋಡಬೇಕು. ಐದು ದಿನ ಅದು ಸೊಟ್ಟಗೆ, ಬೆಳ್ಳಗೆ, ತೂತಿನ ಕಡೆಗೇ ಕತ್ತು ಚಾಚಿ ಹೋಯಿತು. ಆರನೇ ದಿನ ಮುಚ್ಚಳ ತೆಗೆದರೆ ಬರೀ ಮಣ್ಣು. ತೂತು ಹುಡುಕಿಕೊಂಡು ಇಲಿಯೂ ಬಂದಿತ್ತು. ಗೆಳತಿ ಅತ್ತಳು. ಬೇರೆ ಸಸಿ ತಂದು ನೆಟ್ಟುಬಿಡೋಣ ಎಂದು ನಾನು ಉಪಾಯ ಹೇಳಿದೆ. ಅಕ್ಕೋರು ರಿಜಿಸ್ಟರು ನಮ್ಮ ಮುಂದಿಟ್ಟು, “ಏನಾತೋ ಅದನ್ನ ಬರೀರಿ,” ಅಂದರು. ನಾವು ‘ಫಲಿತಾಂಶ: ಇಲಿ ತಿಂದಿತು’ ಎಂದು ಬರೆದೆವು. ಮುಂದೆ ತಪಾಸಣೆಗೆ ಬಂದ ಸಾಹೇಬರು ಅದನ್ನು ಓದಿ ಹುಬ್ಬೇರಿಸಿ, “ಇದೇನ್ರಿ?” ಅಂದಾಗ, ಅಕ್ಕೋರು ಯಾವ ಸಂಕೋಚವೂ ಇಲ್ಲದೆ, “ಆಗಿದ್ದು ಅದ ಅಲ್ರಿ ಸರ,” ಅಂದರು.

ನಮ್ಮದು ಕಲ್ಲೋಳಿಯಿಂದಾಚೆ ಒಂದು ಸಣ್ಣ ಊರು. ಅಕ್ಕೋರು ದಿನವೂ ಗೋಕಾಕದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನೀರು ಜಿನುಗುವ ಚೀಲ. ಚೀಲದಲ್ಲಿ ಉಳ್ಳಾಗಡ್ಡಿ ಕೂರಿಸಿದ ಗಾಜಿನ ಲೋಟ, ಕಡಲೆ ಕಟ್ಟಿದ ಅರಿವೆ, ಮೊಳಕೆ ಬಂದ ಗೋವಿನಜೋಳ. ಕಂಡಕ್ಟರು ಒಮ್ಮೆ ಲೋಟ ತೋರಿಸಿ, “ಅಕ್ಕೋರ, ಇದಕ್ಕ ಅರ್ಧಾ ಟಿಕೆಟ್ ಹರೀಲೇನ್ರಿ?” ಎಂದು ಚೇಷ್ಟೆ ಮಾಡಿದನಂತೆ. “ಇನ್ನ ಬೇರ ಬಂದಿಲ್ಲರಿ, ಬಂದಿಂದ ನೋಡೂಣು,” ಅಂದರಂತೆ ಇವರು. ಮರುವಾರ ಅವನೇ ಲೋಟ ಇಸಿದುಕೊಂಡು ಬೇರು ಬಂದವೋ ಇಲ್ಲವೋ ನೋಡಿದನಂತೆ. ಇದನ್ನು ಹೇಳುವಾಗ ಅಕ್ಕೋರ ಮುಖದಲ್ಲಿ ಒಂದು ಗೆಲುವು ಇರುತ್ತಿತ್ತು. ನಮಗೆ ಪಾಠ ಮಾಡುವಾಗಲೂ ಅಷ್ಟು ಗೆಲುವು ಇರುತ್ತಿರಲಿಲ್ಲ.

ಬೇರು ಕೆಳಗೇ ಹೋಗುತ್ತದೆ ಎಂದು ಪುಸ್ತಕದಲ್ಲಿ ಒಂದೇ ಸಾಲಿತ್ತು. ಆ ಸಾಲಿಗೆ ಅವರು ಹತ್ತು ದಿನ ಹಿಡಿದರು. ಗಾಜಿನ ಬಾಟಲಿಯ ಗೋಡೆಗೆ ಒದ್ದೆ ಕಾಗದ ಒತ್ತಿ, ನಡುವೆ ಅವರೆಕಾಳು ಸಿಕ್ಕಿಸಿ, ಬೇರು ಬೆರಳುದ್ದ ಬಂದ ಮೇಲೆ ಬಾಟಲಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಮರುದಿನ ಬೇರು ಮೊಳಕೈ ಹಾಗೆ ಬಾಗಿತ್ತು. ಮತ್ತೆ ತಿರುಗಿಸಿದರು. ಅದು ಮತ್ತೆ ಬಾಗಿತು. “ಇದಕ್ಕ ಕಣ್ಣಿಲ್ಲ, ಕಿವಿ ಇಲ್ಲ. ಕೆಳಗ ಯಾವದಂತ ಯಾರ ಹೇಳಿದ್ರು ಇದಕ್ಕ?” ಎಂದು ಕೇಳಿ, ಉತ್ತರ ಹೇಳದೆ ಬಸ್ಸು ಹಿಡಿದು ಹೊರಟುಹೋದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನು ಅವ್ವನಿಗೆ ಅದೇ ಪ್ರಶ್ನೆ ಕೇಳಿದೆ. ಅವ್ವ ರೊಟ್ಟಿ ತಿರುವುವುದನ್ನು ಬಿಟ್ಟು ಒಂದು ಗಳಿಗೆ ಯೋಚನೆ ಮಾಡಿದಳು. “ಖರೆನ, ಯಾರ ಹೇಳಿದ್ರು?” ಅಂದಳು.

ಅವರಲ್ಲಿ ಕುಂದಿಲ್ಲವೆಂದಲ್ಲ. ಪೋರ್ಶನ್ ಎಂದೂ ವೇಳೆಗೆ ಮುಗಿಯುತ್ತಿರಲಿಲ್ಲ. ಫೆಬ್ರುವರಿ ಬಂತೆಂದರೆ ಭಾನುವಾರವೂ ಕರೆಸಿ, ನಮ್ಮ ಕೈ ಬೀಳುವ ಹಾಗೆ ನೋಟ್ಸು ಬರೆಸುತ್ತಿದ್ದರು. ಯಾರಾದರೂ ಕುತೂಹಲ ತಾಳದೆ ಮಣ್ಣು ಕೆದರಿ ಬೀಜ ನೋಡಿದರಂತೂ ವಿಪರೀತ ಸಿಟ್ಟು. ಒಮ್ಮೆ ಗೆಳತಿಯೊಡನೆ ಎರಡು ದಿನ ಮಾತೇ ಬಿಟ್ಟಿದ್ದರು. ಬೋರ್ಡಿನ ಮೇಲೆ ಅವರು ಬಿಡಿಸಿದ ಹೂವು ಹೂವಿನ ಹಾಗೆ ಇರುತ್ತಿರಲಿಲ್ಲ. ಎಣಿಸಿದ್ದನ್ನು ಮರೆಯಬಾರದೆಂದು ಮಣಿಕಟ್ಟಿನ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಬಳೆಗಳ ಹಿಂದೆ ಆ ಅಂಕಿಗಳು ಕಾಣುತ್ತಿದ್ದವು.

ಇಷ್ಟೇ ಆಗಿದ್ದರೆ ಅವರನ್ನು ಒಳ್ಳೆಯ ಅಕ್ಕೋರು ಎಂದು ನೆನೆದು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ನಾನು ಒಂಬತ್ತನೇ ತರಗತಿಗೆ ಬಂದ ಜೂನ್ ತಿಂಗಳಲ್ಲಿ ಅವರಿಗೂ ನನ್ನ ಅಪ್ಪನಿಗೂ ನಡುವೆ ನಾನು ಸಿಕ್ಕಿಕೊಂಡೆ.

ಅಪ್ಪನದು ಬೀಜ ಗೊಬ್ಬರದ ಅಂಗಡಿ. ನಮ್ಮೂರಿನ ಅರ್ಧ ಹೊಲಗಳಿಗೆ ಬೀಜ ಹೋಗುತ್ತಿದ್ದುದು ಅಲ್ಲಿಂದಲೇ. ಆ ವರ್ಷ ಶಾಲೆ ಶುರುವಾದ ವಾರವೇ ಅಕ್ಕೋರು, “ನಿಮ್ಮ ಮನ್ಯಾಗ ಬಿತ್ತಾಕ ತಂದ ಸೋಯಾಬೀನ್ ಐತೆಲ್ಲ, ಅದರಾಗಿಂದ ನೂರ ಕಾಳ ತರ್ರಿ. ಆರಿಸಿ ತರಬ್ಯಾಡ್ರಿ, ಕೈಯಿಗೆ ಸಿಕ್ಕದ್ದನ್ನ ತರ್ರಿ,” ಅಂದರು. ನಾನು ಅಂಗಡಿಯ ಚೀಲದಿಂದಲೇ ಒಂದು ಮುಷ್ಟಿ ಒಯ್ದೆ. ಹಳೆಯ ಧೋತರದ ತುಂಡನ್ನು ನೀರಲ್ಲಿ ಅದ್ದಿ ಹಿಂಡಿ, ಹತ್ತು ಸಾಲು, ಸಾಲಿಗೆ ಹತ್ತು ಕಾಳು ಇಟ್ಟು, ಚಾಪೆಯ ಹಾಗೆ ಸುತ್ತಿ ದಾರ ಕಟ್ಟಿ, ಹೆಸರಿನ ಚೀಟಿ ಸಿಕ್ಕಿಸಿ ಬುಟ್ಟಿಯಲ್ಲಿ ನಿಲ್ಲಿಸಿದೆವು. ಐದನೇ ದಿನ ಬಿಚ್ಚಿ ಮೊಳಕೆ ಎಣಿಸಬೇಕು.

ಬಿಚ್ಚಿದೆ. ಮೂವತ್ತೆಂಟು. ಮತ್ತೆ ಎಣಿಸಿದೆ. ಮೂರನೇ ಸಲ ಎಣಿಸಿದರೂ ಮೂವತ್ತೆಂಟೇ. ಉಳಿದವು ಊದಿಕೊಂಡು, ಮುಟ್ಟಿದರೆ ಲೋಳೆಲೋಳೆಯಾಗಿದ್ದವು. ಬಾಜೂ ಕೂತ ಗೆಳತಿಯ ಮನೆಯವರು ಹೋದ ವರ್ಷದ ಸ್ವಂತ ಬೆಳೆಯಲ್ಲೇ ಬೀಜ ಉಳಿಸಿಕೊಂಡಿದ್ದರು. ಅವಳದು ತೊಂಬತ್ತರ ಮೇಲಿತ್ತು. ಅವಳ ವಹಿಯ ಕಡೆಗೆ ಒಮ್ಮೆ ನೋಡಿ, ನನ್ನ ವಹಿಯಲ್ಲಿ 38 ಎಂದು ಬರೆದು, ಆಮೇಲೆ ಪೆನ್ನಿನಿಂದ ಆ ಮೂರರ ಬಾಯಿ ಮುಚ್ಚಿದೆ. ಅದು ಎಂಟಾಯಿತು. ಎಂಬತ್ತೆಂಟು.

ಸಂಜೆ ಶಾಲೆ ಬಿಟ್ಟ ಮೇಲೆ ಅಕ್ಕೋರು ನನ್ನನ್ನು ನಿಲ್ಲಿಸಿಕೊಂಡರು. ಮೇಜಿನ ಮೇಲೆ ನಾಲ್ಕು ಅರಿವೆಗಳು ಬಿಚ್ಚಿದ್ದವು. ನಾಲ್ಕೂ ನಮ್ಮ ಅಂಗಡಿಯ ಕಾಳು. ಅದರಲ್ಲಿ ಒಂದು ನನ್ನದು.

“ಏನವಾ, ಈ ಮೂರರ ಬಾಯಿ ಯಾಕ ಮುಚ್ಚಿದಿ?”

ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಕಿಟಕಿಯಲ್ಲಿದ್ದ ತಟ್ಟೆಗಳಿಗೆ ಚಮಚೆಯಿಂದ ನೀರು ಹಾಕುತ್ತ ನಿಂತರು. ನನ್ನ ಅಳು ನಿಂತ ಮೇಲೆ, “ವಹಿ ನಿಂದು. ತಿದ್ದಂತ ನಾ ಹೇಳೂದಿಲ್ಲ,” ಅಂದರು. “ಆದ್ರ ಬಿತ್ತಾಕ ಇನ್ನ ಎಂಟ ಹತ್ತ ದಿನಾ ಐತಿ. ನಿಮ್ಮ ಅಪ್ಪಾರಿಗೆ ಹೇಳಬೇಕು. ಅವರಿಗೆ ಮೊದಲ ಹೇಳಬೇಕು. ನಡಿ.”

ಶಾಲೆಯಿಂದ ಅಂಗಡಿಗೆ ಹತ್ತು ನಿಮಿಷದ ದಾರಿ. ಅಕ್ಕೋರು ಅರಿವೆಗಳನ್ನು ಚೀಲದಲ್ಲಿಟ್ಟುಕೊಂಡು ನಿಧಾನ ಬರುತ್ತಿದ್ದರು. ನಾನು ಬಿರಬಿರನೆ ಮುಂದೆ ನಡೆದೆ. ಅವರಿಗಿಂತ ಮೊದಲು ಹೋಗಿ ಅಪ್ಪನಿಗೆ ಸುದ್ದಿ ಮುಟ್ಟಿಸಬೇಕು, ಅಕ್ಕೋರು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಏನಾದರೂ ಉತ್ತರ ಹೊಂದಿಸಿಕೊಂಡಿರಲಿ ಎಂಬುದು ನನ್ನ ಲೆಕ್ಕ. ಆದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. “ಅಪ್ಪಾ, ಅಕ್ಕೋರು ಬರಾಕತ್ತಾರು,” ಅಂದೆ. “ಬರಲಿ ತಗೋ,” ಅಂದ ಅಪ್ಪ. ಮುಂದಿನದನ್ನು ಗಿರಾಕಿಗಳ ಎದುರು ಹೇಳಲಾರದೆ ಹೋದೆ. ಗಿರಾಕಿಗಳು ಹೋಗುವ ತನಕ ಅಕ್ಕೋರು ಹೊರಗೇ ಕಾದು ನಿಂತು, ಆಮೇಲೆ ಮೆಟ್ಟಿಲು ಹತ್ತಿದರು.

“ಸಾವಕಾರ್ರ, ಒಂದ ಮಾತಿತ್ತು.”

“ಬರ್ರಿ ಅಕ್ಕೋರ. ನಮ್ಮ ಹುಡುಗಿ ಏನಾರ ತಕರಾರ ಮಾಡ್ಯಾಳೇನ್ರಿ?”

“ಹುಡುಗೀದಲ್ಲರಿ, ಕಾಳಿಂದು,” ಎಂದು ಅವರು ಚೀಲದಿಂದ ಅರಿವೆ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಬಿಚ್ಚಿದರು. “ಇವು ನಾಲ್ಕೂ ನಿಮ್ಮ ಅಂಗಡೀವು. ನೂರಕ್ಕ ನಾಲ್ವತ್ತ ಸೈತ ಮೊಳತಿಲ್ಲ. ಊರಾಗ ಯಾರಿಗೂ ಹೇಳಿಲ್ಲರಿ. ಮೊದಲ ನಿಮಗ ಹೇಳೂಣಂತ ಬಂದೆ.”

ಅಪ್ಪ ಅರಿವೆಯನ್ನೇ ನೋಡಿದ. ಆಮೇಲೆ ಅವನ ಧ್ವನಿ ಏರಿತು.

“ಸಾಲ್ಯಾಗ ಹುಡುಗೂರಿಗೆ ಪಾಠಾ ಹೇಳ್ರಿ. ನನ್ನ ಅಂಗಡಿ ಪರೀಕ್ಷಾ ಮಾಡಂತ ನಿಮಗ ಯಾರ ಹೇಳ್ಯಾರು? ಹುಡುಗೂರು ನೀರ ಹೆಚ್ಚ ಹಾಕಿರತಾರು, ಕಾಳ ಕೊಳತಾವು. ಅದಕ್ಕ ನಾ ಕಳ್ಳಾ ಏನು?”

“ಕಳ್ಳಾ ಅಂದಿಲ್ಲರಿ ನಾ.”

“ಮತ್ತೇನಂದಂಗಾತು?”

ಎದುರಿನ ಚಹಾದಂಗಡಿಯಲ್ಲಿ ಕೂತವರು ಈ ಕಡೆ ತಿರುಗಿದರು. ಅಪ್ಪ ಇನ್ನಷ್ಟು ಜೋರಾಗಿ, “ನನ್ನ ಮಗಳೂ ಒಯ್ದಾಳಲ್ಲ ಇದ ಚೀಲದಾಗಿಂದ? ಆಕೀದು ಎಷ್ಟ ಮೊಳತಾವ? ಹೇಳ ಏ, ಎಷ್ಟ?” ಅಂದ.

ವಹಿ ನನ್ನ ಪಾಟೀಚೀಲದಲ್ಲಿತ್ತು. ಅದರಲ್ಲಿ ಎಂಬತ್ತೆಂಟು ಎಂದೇ ಇತ್ತು. ತೆಗೆದು ತೋರಿಸಿದ್ದರೆ ಅಪ್ಪ ಗೆಲ್ಲುತ್ತಿದ್ದ. ಅಕ್ಕೋರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲವೆಂದು ಈಗ ಅನಿಸುತ್ತದೆ. ಅವರು ಗೊಬ್ಬರದ ಚೀಲಗಳ ಮೇಲಿನ ಅಕ್ಷರಗಳನ್ನು ಓದುತ್ತಿದ್ದವರ ಹಾಗೆ ನಿಂತಿದ್ದರು.

“ಮೂವತ್ತೆಂಟಪ್ಪಾ,” ಅಂದೆ.

“ಎಷ್ಟ?”

“ಮೂವತ್ತೆಂಟು. ಮೂರ ಸಲ ಎಣಿಸೇನಿ.”

ಅಪ್ಪ ನನಗೆ ಹೊಡೆಯಲಿಲ್ಲ. ಒಳಗೆ ಹೋಗೆಂದು ಕೈ ಮಾಡಿದ. ನಾನು ಒಳಗಿನಿಂದ ಕೇಳಿದ್ದು ಅಂಗಡಿಯ ಬಾಗಿಲು ಎಳೆದ ಸದ್ದು ಮಾತ್ರ.

ಮರುದಿನ ಅಪ್ಪ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಬಂದ. ಅವತ್ತೇ ಅಕ್ಕೋರ ತಟ್ಟೆ, ಬಾಟಲಿ, ಬುಟ್ಟಿಗಳೆಲ್ಲ ವರ್ಗದಿಂದ ಹೊರಬಿದ್ದು, ಹಿಂದಿನ ನೀರಿನ ಟಾಕಿಯ ಹತ್ತಿರದ ಪಡಸಾಲೆಗೆ ಹೋದವು. ಮನೆಯಲ್ಲಿ ಅಪ್ಪ ನನ್ನೊಡನೆ ಮಾತು ಬಿಟ್ಟ. ಅವ್ವ ಡಬ್ಬಿ ಕಟ್ಟಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಅಪ್ಪನ ಮಗಳಾಗಿಯೂ ಉಳಿಯಲಿಲ್ಲ, ಅಕ್ಕೋರಿಗೂ ಬೇಡವಾದೆ ಎಂದುಕೊಂಡು ಒಂದು ಮೂಲೆ ಹಿಡಿದು ಕೂತೆ.

ಅಕ್ಕೋರು ವರ್ಗದಲ್ಲಿ ಯಾವ ಅಂಗಡಿಯ ಹೆಸರನ್ನೂ ಎತ್ತಲಿಲ್ಲ. “ಎಲ್ಲಾರೂ ನಿಮ್ಮ ನಿಮ್ಮ ಮನ್ಯಾಗ ಇನ್ನೊಮ್ಮೆ ನೂರ ಕಾಳ ಕಟ್ರಿ. ಈ ಸಲ ನೀವ ಎಣಸಬ್ಯಾಡ್ರಿ, ಮನ್ಯಾಗ ಬಿತ್ತಾವರು ಎಣಸಲಿ,” ಎಂದಷ್ಟೇ ಹೇಳಿದರು. ಆಮೇಲೆ ನನ್ನನ್ನು ಟಾಕಿಯ ಹತ್ತಿರ ಕರೆದು ಬೇರೆಯೇ ಪ್ರಶ್ನೆ ಕೇಳಿದರು.

“ಈ ಕಾಳು ನೋಡಾಕ ಚಲೋ ಅದಾವ. ಹುಳಾ ಬಿದ್ದಿಲ್ಲ, ಬೂಸ್ಟ ಹಿಡದಿಲ್ಲ. ನಿಮ್ಮ ಅಪ್ಪಾರು ಬೇಕಂತ ಸತ್ತ ಕಾಳ ತರಾವರಲ್ಲ. ಹಂಗಾರ ಎಲ್ಲಿ ಸತ್ತೂ ಇವು? ನಿಮ್ಮಲ್ಲಿ ಚೀಲಾ ಹೆಂಗ ಇಳಸ್ತಾರ?”

ನಿಮ್ಮ ಅಪ್ಪಾರು ಬೇಕಂತ ತರಾವರಲ್ಲ ಎಂಬ ಮಾತು ಕೇಳಿ ನನಗೆ ಮತ್ತೆ ಅಳು ಬಂತು. ಅಳುತ್ತಲೇ ಹೇಳಿದೆ. ಲಾರಿಯ ಮೇಲೆ ನಿಂತ ಹಮಾಲರು ಚೀಲವನ್ನು ದೂಡಿಬಿಡುತ್ತಾರೆ, ಅದು ಫರಸಿ ಕಲ್ಲಿನ ನೆಲದ ಮೇಲೆ ಧಪ್ಪೆಂದು ಬೀಳುತ್ತದೆ, ಅದರ ಮೇಲೆ ಇನ್ನೊಂದು. ಚಿಕ್ಕಂದಿನಿಂದ ಕೇಳಿದ ಸದ್ದು ಅದು.

“ಹೂಂ,” ಅಂದರು ಅಕ್ಕೋರು. ಮಣಿಕಟ್ಟಿನ ಮೇಲೆ ಏನೋ ಬರೆದುಕೊಂಡರು.

ಮರುದಿನ ಗೆಳತಿಯ ಮನೆಯ ಬೀಜವನ್ನು, ತೊಂಬತ್ತರ ಮೇಲೆ ಮೊಳೆತದ್ದನ್ನೇ, ತರಿಸಿ ಎರಡು ಅರಿವೆ ಚೀಲಗಳಲ್ಲಿ ತುಂಬಿದರು. ಒಂದನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಇನ್ನೊಂದನ್ನು ಟಾಕಿಯ ಮೆಟ್ಟಿಲ ಮೇಲಿನಿಂದ ಕೆಳಗಿನ ಕಲ್ಲಿನ ಮೇಲೆ ಒಗೆಯಲು ಹೇಳಿದರು. ಇಪ್ಪತ್ತು ಸಲ. ವರ್ಗದವರೆಲ್ಲ ಪಾಳಿ ಹಚ್ಚಿ ಒಗೆದೆವು. ಅಷ್ಟು ಖುಷಿಯ ಪ್ರಯೋಗವನ್ನು ನಾವು ಮಾಡಿರಲೇ ಇಲ್ಲ. ಆಮೇಲೆ ಎರಡೂ ಚೀಲದ ಕಾಳನ್ನು ಅಕ್ಕಪಕ್ಕ ಅಂಗೈಯಲ್ಲಿಟ್ಟು ನೋಡಿದರೆ ಯಾವ ಫರಕೂ ಕಾಣಲಿಲ್ಲ. ಐದು ದಿನದ ಮೇಲೆ ಅರಿವೆ ಬಿಚ್ಚಿದಾಗ ಕಂಡಿತು. ಮೊಳೆಗೆ ತೂಗಿದ ಕಾಳು ಸಾಲುಸಾಲಾಗಿ ಬೇರು ಬಿಟ್ಟಿದ್ದವು. ಒಗೆದ ಕಾಳಿನಲ್ಲಿ ಅರ್ಧಕ್ಕರ್ಧ ಸತ್ತಿದ್ದವು, ಬದುಕಿದವುಗಳಲ್ಲೂ ಹಲವು ಕುಂಟಾಗಿದ್ದವು. ಸೋಯಾಬೀನಿನ ಸಿಪ್ಪೆ ಬಲು ತೆಳು, ಮೊಳಕೆಯಾಗುವ ಎಳೆಯ ತುದಿ ಆ ಸಿಪ್ಪೆಯ ಕೆಳಗೇ ಅಂಚಿನಲ್ಲಿ ಕೂತಿರುತ್ತದೆ, ಪೆಟ್ಟು ನೇರ ಅದಕ್ಕೇ ತಗಲುತ್ತದೆ ಎಂದು ಅಕ್ಕೋರು ಕಾಳೊಂದನ್ನು ಉಗುರಿನಿಂದ ಸುಲಿದು ತೋರಿಸಿದರು.

ಎರಡೂ ಅರಿವೆಗಳನ್ನು ಸುತ್ತಿ ನನ್ನ ಕೈಗೆ ಕೊಟ್ಟರು. “ನಾ ಬಂದ್ರ ಅವರಿಗೆ ಮತ್ತ ಸಿಟ್ಟ ಬರತೈತಿ. ನೀ ಒಯ್ಯಿ. ಹಿಂಗ ಮಾಡ್ರಿ, ಹಂಗ ಮಾಡ್ರಿ ಅನಬ್ಯಾಡ. ನಾವು ಏನ ಮಾಡಿದ್ವಿ ಅಷ್ಟ ಹೇಳು.”

ಅಪ್ಪ ಊಟಕ್ಕೆ ಕೂತಿದ್ದ. ನಾನು ಅಡುಗೆಮನೆಯ ನೆಲದ ಮೇಲೆ ಎರಡೂ ಅರಿವೆ ಬಿಚ್ಚಿ, ಇದು ನೇತುಹಾಕಿದ್ದು, ಇದು ಒಗೆದದ್ದು ಎಂದೆ. ಅವನು ತುತ್ತು ಕೈಯಲ್ಲೇ ಹಿಡಿದು ನೋಡಿದ.

“ಎಷ್ಟ ಸಲ ಒಗದ್ರಿ?”

ವಾರದ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು.

“ಇಪ್ಪತ್ತ ಸಲ.”

ಅವನು ಬಾಯಲ್ಲೇ ಎಣಿಸತೊಡಗಿದ. ಮೊದಲ ಗೋಡೌನಿನಲ್ಲಿ ಒಂದು ಸಲ, ಲಾರಿಗೆ ಏರಿಸುವಾಗ ಒಂದು, ಮೂಡಲಗಿಯಲ್ಲಿ ಇಳಿಸುವಾಗ ಒಂದು, ಟೆಂಪೋಕ್ಕೆ ಒಂದು, ಇಲ್ಲಿ ಒಂದು. “ನಮ್ಮ ಚೀಲಾ ಇಪ್ಪತ್ತ ಸಲ ಬೀಳೂದಿಲ್ಲ,” ಅಂದ. ಆಮೇಲೆ ತುತ್ತನ್ನು ತಟ್ಟೆಗೆ ಇಟ್ಟು, “ಆದ್ರ ಭಾಳ ಮ್ಯಾಲಿಂದ ಬೀಳತಾವ,” ಅಂದ. ಊಟ ಅರ್ಧಕ್ಕೆ ಬಿಟ್ಟು ಎದ್ದ.

ಮರುದಿನ ಬೆಳಿಗ್ಗೆ ಅಪ್ಪ ತಾನೇ ಚಹಾದಂಗಡಿಗೆ ಹೋಗಿ, “ನನ್ನ ಕಡಿಂದ ಒಯ್ದ ಸೋಯಾಬೀನ್ ಬಿತ್ತಬ್ಯಾಡ್ರಿ, ತಂದ ಕೊಡ್ರಿ,” ಎಂದು ನಿಂತು ಹೇಳಿ ಬಂದ. ಆ ಕಾಳು ಯಾರ ಹೊಲಕ್ಕೂ ಬೀಳಲಿಲ್ಲ. ಹಾಗೆಂದು ಎಲ್ಲವೂ ಒಂದೇ ಏಟಿಗೆ ನೆಟ್ಟಗಾಯಿತೆಂದಲ್ಲ. ಸತ್ತ ಬೀಜ ಮಾರುವವನ ಅಂಗಡಿ ಎಂಬ ಮಾತು ಎರಡು ಮೂರು ವರ್ಷ ಊರಲ್ಲಿ ತಿರುಗಿತು. ಹಳೆಯ ಗಿರಾಕಿಗಳು ಕೆಲವರು ಬರುವುದನ್ನೇ ಬಿಟ್ಟರು. ಅಪ್ಪ ಹಮಾಲರ ಮುಂದೆ ತಾನೇ ನಿಂತು, ಚೀಲಗಳನ್ನು ಹೆಗಲ ಮೇಲೆ ಹೊರಿಸಿ ಇಳಿಸತೊಡಗಿದ. ಅಕ್ಕೋರ ತಟ್ಟೆಗಳು ಒಂದು ದಿನ ಮತ್ತೆ ವರ್ಗದ ಕಿಟಕಿಗೆ ಬಂದಿದ್ದವು. ಯಾರು ಹೇಳಿದರೆಂದು ಯಾರೂ ಹೇಳಲಿಲ್ಲ.

ಅಪ್ಪ ಅಕ್ಕೋರ ಹತ್ತಿರ ಹೋಗಿ ತಪ್ಪಾಯಿತು ಅನ್ನಲಿಲ್ಲ. ಮುಂದಿನ ಮೇ ತಿಂಗಳ ಕೊನೆಗೆ ಮಾತ್ರ ಹಾಳೆಯಲ್ಲಿ ಕಾಳು ಕಟ್ಟಿದ ನಾಲ್ಕು ಪುಡಿಕೆ ನನ್ನ ಕೈಗೆ ಕೊಟ್ಟು, “ಅಕ್ಕೋರಿಗೆ ಕೊಡು,” ಅಂದ. ಪುಡಿಕೆಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದಷ್ಟೇ ಬರೆದಿತ್ತು. ವಾರದ ಮೇಲೆ ಅಕ್ಕೋರು, ಯಾವ ಪುಡಿಕೆಯಲ್ಲಿ ನೂರಕ್ಕೆ ಎಷ್ಟು ಮೊಳೆತವೆಂದು ನಾಲ್ಕು ಅಂಕಿ ಬರೆದ ಒಂದು ಚೀಟಿ ಕಳಿಸಿದರು. ಹೀಗೆ ಪ್ರತಿ ವರ್ಷ ನಡೆಯಿತು. ಅಕ್ಕೋರಿಗೆ ಮೇಲವಂಕಿಗೆ ವರ್ಗವಾದ ಮೇಲೆ ಬಸ್ಸಿನವರ ಕೈಯಲ್ಲಿ ಪುಡಿಕೆ ಹೋಗಿ ಚೀಟಿ ಬರುತ್ತಿತ್ತು. ಅವರು ಹುಕ್ಕೇರಿ ಕಡೆಗೆ ಹೋದ ಮೇಲೆ ಅಪ್ಪ ಅಂಗಡಿಯ ಹಿಂದೆ ತಾನೇ ಅರಿವೆ ಕಟ್ಟಲು ಕಲಿತ.

ಎರಡು ವರ್ಷದ ಹಿಂದೆ ಅಕ್ಕೋರು ನಿವೃತ್ತರಾದರು. ಹುಕ್ಕೇರಿಯ ಹತ್ತಿರದ ಒಂದು ಶಾಲೆಯಲ್ಲಿ ಬೀಳ್ಕೊಡುವ ಸಮಾರಂಭ. ಗೆಳತಿಯೂ ನಾನೂ ಹೋಗಿದ್ದೆವು. ಭಾಷಣ ಮಾಡಿದವರೊಬ್ಬರು, ನೂರಾರು ವಿಜ್ಞಾನಿಗಳನ್ನು ನಾಡಿಗೆ ಕೊಟ್ಟ ತಾಯಿ ಎಂದು ಹೊಗಳಿದರು. ಅಕ್ಕೋರು ಎದ್ದು ಮೈಕು ಹಿಡಿದು, “ಸರ ಹೇಳಿದ್ದು ಖರೆ ಅಲ್ಲರಿ,” ಅಂದರು. “ನನಗ ತಿಳಿದ ಮಟ್ಟಿಗೆ ಒಬ್ಬರೂ ವಿಜ್ಞಾನಿ ಆಗಿಲ್ಲ. ಕೆಲವರು ಕಬ್ಬ ಬೆಳೀತಾರು, ಕೆಲವರು ಬಸ್ ಹೊಡೀತಾರು, ಒಬ್ಬಾಕಿ ಹಿಡಕಲ್ ಡ್ಯಾಮಿನಾಗ ನೀರಿನ ಅಳತಿ ಬರಕೋತಾಳು. ಅದರಾಗ ನನಗೇನೂ ಕಡಿಮಿ ಅನಸಿಲ್ಲ.” ಇಷ್ಟು ಹೇಳಿ ಕೂತುಬಿಟ್ಟರು.

ಊಟವಾದ ಮೇಲೆ ಹತ್ತಿರ ಹೋದೆ. ಗುರುತು ಹಿಡಿದರು. ಏನು ಮಾಡುತ್ತಿ ಎಂದು ಕೇಳಿದರು. ಗೋಕಾಕದ ಒಂದು ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುತ್ತೇನೆ ಅಂದೆ. “ಎಣಸೂ ಕೆಲಸ ಅನ್ನು,” ಅಂದರು.

ಇಷ್ಟು ವರ್ಷ ಕೇಳಬೇಕೆಂದುಕೊಂಡದ್ದನ್ನು ಅವತ್ತು ಕೇಳಿದೆ. “ಅಕ್ಕೋರ, ಅವತ್ತ ಅಂಗಡ್ಯಾಗ ಅಪ್ಪ ಅಷ್ಟ ಒದರಿದ. ನಿಮಗ ಅಂಜಿಕಿ ಬರಲಿಲ್ಲೇನ್ರಿ?”

“ಬರಲಿಲ್ಲಂತ ಯಾರ ಹೇಳಿದ್ರು ನಿನಗ? ಹೊಸಾ ನೌಕರಿ, ಗೊತ್ತಿಲ್ಲದ ಊರು. ಅರ್ಧಾ ದಾರ್ಯಾಗ ತಿರುಗಿ ಹೋಗಿಬಿಡಬೇಕಂತ ಮಾಡಿದ್ದೆ. ಇಷ್ಟ ಸಣ್ಣ ಹುಡುಗಿ ಅಂಜಲಾರದ ಮುಂದ ಮುಂದ ನಡದಾಳ, ನಾ ಹೆಂಗ ಹಿಂದ ಸರೀಲಿ ಅಂತ ಬಂದೆ.”

ನಾನು ಮುಂದೆ ನಡೆದದ್ದು ಅಪ್ಪನಿಗೆ ಸುಳಿವು ಕೊಡಲು ಎಂಬುದನ್ನು ಹೇಳದೆ ವಿಧಿಯಿರಲಿಲ್ಲ. ಹೇಳಿದೆ. ಅಕ್ಕೋರು ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೆ ಕಾಣಲೂ ಆಗಲಿಲ್ಲ.

ಈ ಬೇಸಿಗೆಯಲ್ಲಿ ಗೆಳತಿಯ ಫೋನು ಬಂದ ಮೇಲಿನ ಭಾನುವಾರ ಊರಿಗೆ ಹೋದೆ. ಅಂಗಡಿಯನ್ನು ಈಗ ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅಕ್ಕೋರು ಹೋದದ್ದನ್ನು ಹೇಳಿದೆ. ನಿವೃತ್ತಿಯ ದಿನ ಅವರು ಹೇಳಿದ್ದನ್ನೂ ಹೇಳಿದೆ.

“ಅಂಜಿದ್ರಂತ?” ಅಂದ ಅಪ್ಪ.

“ಹೂನಪ್ಪಾ. ತಿರುಗಿ ಹೊಂಟಿದ್ರಂತ.”

“ನಾನೂ ಅಂಜಿದ್ದೆ,” ಅಂದ ಅಪ್ಪ. “ಅಕ್ಕೋರು ಅರಿವಿ ಬಿಚ್ಚಿದ ಕೂಡ್ಲೆ ಗೊತ್ತಾತು ನನಗ, ಖರೆ ಹೇಳಾಕತ್ತಾರಂತ. ಅದಕ್ಕ ಹಂಗ ಒದರಿದೆ.” ಆಮೇಲೆ ಎದ್ದು ನಿಂತು ಚಪ್ಪಲಿಗೆ ಕಾಲು ಹುಡುಕಿದ. “ಹುಕ್ಕೇರಿಗೆ ಬಸ್ ಎಷ್ಟಕ್ಕೈತಿ?”

“ಸುದ್ದಿ ನಮಗ ಮುಟ್ಟೂದ ತಡಾ ಆತು, ದಿನಾ ಕರ್ಮಾ ಎಲ್ಲಾ ಮುಗದಾವಪ್ಪಾ. ಈಗ ಹೋಗಿ ಏನ ಮಾಡ್ತಿ?”

“ಮನ್ಯಾಗ ಯಾರಾರ ಇರತಾರಲ್ಲ?”

ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಗೆಳತಿಯನ್ನು ಫೋನಿನಲ್ಲಿ ಕೇಳಿ ಅಕ್ಕೋರ ಮನೆ ಹುಡುಕಿದೆವು; ಬಾಗಿಲು ತೆರೆದವರು ಅವರ ಅಕ್ಕ. ಅಪ್ಪ ಹೊಸ್ತಿಲ ಹೊರಗೇ ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೇಳಿದ.

“ನಾ ಬೀಜದಂಗಡಿಯಾವರಿ, ಕಲ್ಲೋಳಿ ಕಡಿಂದ ಬಂದೇನಿ. ನಿಮ್ಮ ತಂಗಿ ಅವತ್ತ ಹೇಳಿದ್ದು ಖರೆ ಇತ್ತರಿ.”

ಯಾವತ್ತು ಹೇಳಿದ್ದು, ಏನು ಹೇಳಿದ್ದು, ಆ ತಾಯಿಗೆ ಒಂದೂ ತಿಳಿಯಲಿಲ್ಲ. ಆದರೂ ಬಾಗಿಲಿನ ಇನ್ನೊಂದು ಕದವನ್ನೂ ಸರಿಸಿ, “ಒಳಗ ಬರ್ರಿ,” ಅಂದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.